‘ಹಮ್ ಲೋಗ್’: ಒಂದು ಗುಣದೋಷ ವಿಚಾರ

ಸಂಜೆಯಾಯಿತೆಂದರೆ ಮನೆಮನೆಗಳಲ್ಲಿ ಧಾರಾವಾಹಿಗಳ ಅಳುವೇ ಕೇಳಿಬರುತ್ತದೆಂದೂ, ಅತ್ತೆ ಸೊಸೆಯರ ಜಗಳವನ್ನು ಬಿಟ್ಟರೆ ಅವುಗಳಲ್ಲಿ ಬೇರೇನೂ ಇಲ್ಲವೆಂದೂ ಹಿರಿಯರು ನಮ್ಮೊಡನೆ ಮಾತಿಗೆ ಕುಳಿತಾಗಲೆಲ್ಲ ದೂರುತ್ತಾರೆ. ದೂರು ಸುಳ್ಳಲ್ಲ. ಆದರೆ ಅದರ ಬೆನ್ನಿಗೇ ‘ಹಳೆಯ ದೂರದರ್ಶನವೇ ಚೆನ್ನಾಗಿತ್ತು, ಅದರಲ್ಲಿ ನೀತಿಯಿತ್ತು’ ಎಂಬ ಮಾತೂ ಬರುತ್ತದೆ. ಈ ಎರಡನೆಯ ಮಾತನ್ನು ಪರಾಮರ್ಶಿಸದೆ ಒಪ್ಪಿಕೊಳ್ಳುವುದು ತರವಲ್ಲ. ಕುಟುಂಬ ಧಾರಾವಾಹಿ ಎಂಬ ಪ್ರಕಾರಕ್ಕೇ ನಮ್ಮ ದೇಶದಲ್ಲಿ ನಾಂದಿ ಹಾಡಿದ ‘ಹಮ್ ಲೋಗ್’ ಅನ್ನು ಮುಂದಿಟ್ಟುಕೊಂಡು ಇದನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ನಮಗೆ ಬಹುದಿನಗಳಿಂದ ಅನ್ನಿಸುತ್ತಿತ್ತು.

1984ರ ಜುಲೈ 7ರಂದು ಆರಂಭವಾದ ಈ ಹಿಂದಿ ಧಾರಾವಾಹಿ 156 ಕಂತುಗಳನ್ನು ಕಂಡು 1985ರ ಡಿಸೆಂಬರ್ 17ರಂದು ಮುಕ್ತಾಯವಾಯಿತು. ಬರೆದವರು ಮನೋಹರ ಶ್ಯಾಮ ಜೋಶಿ, ನಿರ್ದೇಶಿಸಿದವರು ಪಿ. ಕುಮಾರ್ ವಾಸುದೇವ್. ಹೆಸರಿನ ಅರ್ಥ ‘ನಾವು’, ಅಂದರೆ ನಮ್ಮಂಥ ಜನ. ದೆಹಲಿಯ ಒಂದು ಕೆಳಮಧ್ಯಮ ವರ್ಗದ ಮನೆ, ಇಕ್ಕಟ್ಟಿನ ಕೋಣೆಗಳು. ಕುಡಿತಕ್ಕೆ ಬಿದ್ದ ಯಜಮಾನ ಬಸೇಸರ್ ರಾಮ್, ಎಲ್ಲವನ್ನೂ ನುಂಗಿಕೊಂಡು ಸಂಸಾರ ತೂಗಿಸುವ ಅವನ ಹೆಂಡತಿ ಭಾಗವಂತಿ, ವೃದ್ಧ ತಂದೆ ತಾಯಿ, ಐವರು ಮಕ್ಕಳು. ಕೆಲಸವಿಲ್ಲದೆ ಅಲೆಯುವ ಹಿರಿಯ ಮಗ ಲಲ್ಲೂ, ಕ್ರಿಕೆಟ್ಟಿನ ಕನಸು ಕಾಣುವ ನನ್ಹೆ, ಸಮಾಜಸೇವೆಯತ್ತ ಒಲಿದ ಬಡಕಿ, ಚಿತ್ರನಟಿಯಾಗಲು ಹಂಬಲಿಸುವ ಮಝಲೀ, ವೈದ್ಯೆಯಾಗಬೇಕೆಂದು ಓದುವ ಛುಟಕಿ. ಇಷ್ಟೇ ಅದರ ಸಂಪತ್ತು.

ಈ ಕಥೆಯ ಬೀಜ ದೂರದ ಮೆಕ್ಸಿಕೋ ದೇಶದ್ದು ಎಂಬುದು ಅನೇಕರಿಗೆ ತಿಳಿಯದು. ಅಲ್ಲಿ ಮಿಗೆಲ್ ಸಾಬಿದೋ ಎಂಬವರು 1970ರ ದಶಕದಲ್ಲಿ ಅಕ್ಷರಾಭ್ಯಾಸ, ಕುಟುಂಬ ಯೋಜನೆ ಮೊದಲಾದ ವಿಷಯಗಳನ್ನು ಜನರಿಗೆ ತಿಳಿಸಲು ಧಾರಾವಾಹಿಗಳನ್ನು ರೂಪಿಸಿ ಹೆಸರಾಗಿದ್ದರು. ಅವರ ವಿಧಾನ ಸರಳವಾದುದು. ಕಥೆಯಲ್ಲಿ ಮೂರು ಬಗೆಯ ಪಾತ್ರಗಳಿರಬೇಕು: ಅನುಕರಣೆಗೆ ಯೋಗ್ಯವಾದದ್ದು, ತ್ಯಾಜ್ಯವಾದದ್ದು, ಇವೆರಡರ ನಡುವೆ ತೂಗಾಡಿ ಕೊನೆಗೆ ಒಳ್ಳೆಯ ದಾರಿ ಹಿಡಿಯುವಂಥದು. ಒಳ್ಳೆಯದಕ್ಕೆ ಫಲ, ಕೆಟ್ಟದ್ದಕ್ಕೆ ಶಿಕ್ಷೆ ಕಣ್ಣೆದುರೇ ದೊರೆತಾಗ ನೋಡುವವನು ತಾನಾಗಿಯೇ ಕಲಿಯುತ್ತಾನೆಂಬುದು ಅವರ ನಂಬಿಕೆ. ಆಗ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ವಸಂತ ಸಾಠೆಯವರು ಮೆಕ್ಸಿಕೋದಲ್ಲಿ ಇದನ್ನು ಕಂಡು ಬಂದರು. ನಮ್ಮ ದೇಶಕ್ಕೆ ಅದು ಕುಟುಂಬ ಯೋಜನೆಯ ಪ್ರಚಾರಕ್ಕೆಂದೇ ಬಂದಿತು.

ದೂರದರ್ಶನದಿಂದ ಪಾಠ ಹೇಳಿಸುವ ಹವಣಿಕೆ ನಮ್ಮ ಭಾಗದ ಜನರಿಗೆ ಹೊಸದೇನೂ ಆಗಿರಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮಗಳನ್ನು ಬಿತ್ತರಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದಿಂದ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳೇ. ಬೆಂಗಳೂರಿನವರಿಗಿಂತ ಮೊದಲೇ ನಮ್ಮ ಹಳ್ಳಿಯ ಜನ ಶಾಲೆಯ ಮುಂದೆ ನೆಲದ ಮೇಲೆ ಕುಳಿತು ಬೇಸಾಯದ, ಆರೋಗ್ಯದ ಪಾಠಗಳನ್ನು ಪೆಟ್ಟಿಗೆಯಲ್ಲಿ ನೋಡಿದರು. ಆದರೆ ಪಾಠ ಪಾಠವಾಗಿಯೇ ಬಂದಿತ್ತು. ಕಥೆಯ ವೇಷ ತೊಟ್ಟು ಬಂದದ್ದು ‘ಹಮ್ ಲೋಗ್’ನಲ್ಲಿ.

ಆ ವೇಷ ಮೊದಮೊದಲು ಸರಿಯಾಗಿ ಕೂಡಲಿಲ್ಲ. ಆರಂಭದ 13 ಕಂತುಗಳಲ್ಲಿ ಕುಟುಂಬ ಯೋಜನೆಯ ಉಪದೇಶವೇ ಮುಂದಾಗಿ ಕಥೆ ಹಿಂದೆ ಬಿದ್ದಿತು. ಜನ ಬೇಸರಗೊಂಡರು, ವಿಮರ್ಶಕರು ಟೀಕಿಸಿದರು. ಪ್ರವಚನದ ಪೀಠದಲ್ಲಿ ಕುಳಿತು ರೂಢಿಯುಳ್ಳ ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಕಥಾನಕವನ್ನು ನಿಲ್ಲಿಸಿ ಉಪದೇಶಕ್ಕೆ ತೊಡಗಿದೊಡನೆ ಹಿಂದಿನ ಸಾಲಿನವರು ಎಲೆ ಅಡಿಕೆಯ ಚೀಲ ಬಿಚ್ಚುತ್ತಾರೆ. ಜೋಶಿಯವರು ಬೇಗನೆ ಎಚ್ಚೆತ್ತು ಉಪದೇಶದ ಭಾರವನ್ನು ತಗ್ಗಿಸಿ, ಮನೆಯೊಳಗಿನ ಮಾತುಕತೆಗೆ, ಹೆಣ್ಣುಮಕ್ಕಳ ಬಾಳಿಗೆ, ಕುಡಿತದ ಕೇಡಿಗೆ ಕಥೆಯನ್ನು ತಿರುಗಿಸಿದರು. ಅಲ್ಲಿಂದ ಮುಂದೆ ಅದನ್ನು ಹಿಡಿದು ನಿಲ್ಲಿಸುವವರಿರಲಿಲ್ಲ.

ಗುಣಗಳಲ್ಲಿ ಮೊದಲು ಹೇಳಬೇಕಾದದ್ದು ಅದರ ಬಡತನ. ಇಂದಿನ ಧಾರಾವಾಹಿಗಳಲ್ಲಿ ಮಲಗುವಾಗಲೂ ಮೈತುಂಬ ಒಡವೆ, ಅಡಿಗೆಮನೆಯಲ್ಲೂ ಜರತಾರಿ ಸೀರೆ. ಅಲ್ಲಿಯ ಮನೆಯಲ್ಲಿ ಹಣದ ಲೆಕ್ಕವಿತ್ತು. ನಟವರ್ಗದಲ್ಲಿ ಬಹುಮಂದಿ ರಂಗಭೂಮಿಯಲ್ಲಿ ಪಳಗಿದವರಾಗಿದ್ದರಿಂದ ಮಾತು ಮನೆಯ ಮಾತಿನಂತೆಯೇ ಇತ್ತು. ಮುಖವನ್ನು ಮೂರು ಬಾರಿ ತೋರಿಸಿ ಗುಡುಗು ಸಿಡಿಲು ಬಾರಿಸುವ ಪದ್ಧತಿ ಇನ್ನೂ ಹುಟ್ಟಿರಲಿಲ್ಲ. ಕೋಣೆಗಳ ಗೋಡೆ ರಂಗಸಜ್ಜಿಕೆಯದೆಂದು ಕಣ್ಣಿಗೆ ಕಾಣುತ್ತಿತ್ತು, ಬೆಳಕು ಸಾಧಾರಣವಾಗಿತ್ತು, ಕೆಲವು ಕಂತುಗಳು ಎಳೆದಂತೆಯೂ ಇದ್ದವು. ಅವನ್ನು ನಾವು ದೊಡ್ಡ ದೋಷವೆಂದು ಎಣಿಸುವುದಿಲ್ಲ.

ಎರಡನೆಯ ಗುಣ ಅಶೋಕ್ ಕುಮಾರ್. ಹಿಂದಿ ಚಿತ್ರರಂಗದ ಆ ಹಿರಿಯ ನಟರು ಪ್ರತಿ ಕಂತಿನ ಕೊನೆಯಲ್ಲಿ ಕಾಣಿಸಿಕೊಂಡು, ಮನೆಯ ಅಜ್ಜನಂತೆ, ನಡೆದದ್ದನ್ನು ಕುರಿತು ಅರ್ಧ ನಿಮಿಷ ಮಾತನಾಡಿ, ಒಂದು ದ್ವಿಪದಿ ಹೇಳಿ ಬೀಳ್ಕೊಡುತ್ತಿದ್ದರು. ಅವರ ಹೆಸರಿಗೆ ಬಂದ ಪತ್ರಗಳು ಲಕ್ಷಗಟ್ಟಲೆ. ಆ ಪತ್ರ ಬರೆದವರಲ್ಲಿ ಎಷ್ಟೋ ಜನ ಯುವಕ ಯುವತಿಯರು. ತಾವು ಮೆಚ್ಚಿದವರನ್ನು ವಿವಾಹವಾಗಲು ತಮ್ಮ ತಂದೆ ತಾಯಿಯರನ್ನು ಒಪ್ಪಿಸಿಕೊಡಿರೆಂದು ಅವರ ಬೇಡಿಕೆ! ಇದನ್ನು ಕೇಳಿ ನಗುವುದು ಸುಲಭ. ಆದರೆ ಓದುಗ ಬಂಧುಗಳು ಯೋಚಿಸಬೇಕು: ತಂದೆಯೂ ಮಗಳೂ ಒಂದೇ ಚಾಪೆಯ ಮೇಲೆ ಕುಳಿತು ಒಂದೇ ಕಥೆಯನ್ನು ನೋಡುತ್ತಿದ್ದರು, ಮಗಳಾದರೋ ತನ್ನ ಮನಸ್ಸಿನ ಮಾತನ್ನು ಪಕ್ಕದಲ್ಲಿದ್ದವನಿಗೆ ಹೇಳಲಾರದೆ ಮುಂಬಯಿಯ ನಟನಿಗೆ ಬರೆಯುತ್ತಿದ್ದಳು.

ಬಡಕಿಗೂ ಡಾಕ್ಟರ್ ಅಶ್ವಿನಿಗೂ ವಿವಾಹವಾದ ದಿನ ಉತ್ತರ ಹಿಂದೂಸ್ಥಾನದ ಪೇಟೆಗಳಲ್ಲಿ ಅಂಗಡಿಗಳು ಬೇಗನೆ ಬಾಗಿಲು ಹಾಕಿದವು; ಶುಭಾಶಯದ ತಂತಿಗಳು ಬಂದವು. ಕ್ಯಾನ್ಸರಿಗೆ ತುತ್ತಾದ ಅಜ್ಜಿ ಬೇಗ ಸಾಯಬಾರದೆಂದು ಜನ ಮೊರೆಯಿಟ್ಟಾಗ ಲೇಖಕರು ಅವಳ ಆಯುಷ್ಯವನ್ನು ಹೆಚ್ಚಿಸಬೇಕಾಯಿತು. ಕಥೆ ಸರಕಾರದ ಕೈಯಿಂದ ಜನರ ಕೈಗೆ ಹೋದದ್ದಕ್ಕೆ ಇವು ಸಾಕ್ಷಿ.

ಜನರ ಕೈಗೆ ಹೋದ ಕಥೆಯನ್ನು ಅವರು ತಮಗೆ ಬೇಕಾದಂತೆ ಓದಿಕೊಂಡರು. ದೋಷದ ಮಾತು ಬರುವುದು ಇಲ್ಲಿಯೇ. ಭಾಗವಂತಿಯ ಪಾತ್ರವನ್ನು ರೂಪಿಸಿದವರ ಉದ್ದೇಶ ‘ಹೆಣ್ಣು ಹೀಗೆ ಎಲ್ಲವನ್ನೂ ಸಹಿಸಿಕೊಂಡರೆ ಅವಳ ಗತಿ ಹೀಗಾಗುತ್ತದೆ, ಸಹಿಸಬೇಡಿರಿ’ ಎಂದು ತೋರಿಸುವುದು. ಗಂಡನ ಬೈಗುಳ, ಅತ್ತೆಯ ಕೊಂಕು, ಮಕ್ಕಳ ಅಲಕ್ಷ್ಯ ಎಲ್ಲವೂ ಅದಕ್ಕಾಗಿಯೇ. ಧಾರಾವಾಹಿ ಮುಗಿದ ಮೇಲೆ ಅರವಿಂದ ಸಿಂಘಾಲ್, ಎವರೆಟ್ ರೋಜರ್ಸ್ ಎಂಬ ವಿದ್ವಾಂಸರು ವೀಕ್ಷಕರನ್ನು ಕಂಡು ವಿಚಾರಿಸಿದಾಗ ತಿಳಿದುಬಂದದ್ದು ಬೇರೆಯೇ. ಅನೇಕರು, ಅವರಲ್ಲಿಯೂ ಹೆಂಗಸರು, ಭಾಗವಂತಿಯನ್ನೇ ಅನುಕರಣೀಯಳೆಂದು ಆರಿಸಿಕೊಂಡಿದ್ದರು.

ನಮಗೆ ಈ ಫಲಿತಾಂಶ ಅನಿರೀಕ್ಷಿತವೆನಿಸಲಿಲ್ಲ. ಗುಲಬರ್ಗಾದಲ್ಲಿ ನಾವು ವಿದ್ಯಾರ್ಥಿಯಾಗಿದ್ದಾಗ ಪರಿಚಯಸ್ಥರೊಬ್ಬರ ಮನೆಯಲ್ಲಿ ಓಣಿಯ ಜನವೆಲ್ಲ ಸೇರಿ ಇದನ್ನು ನೋಡುತ್ತಿದ್ದರು. ದಖನಿ ಮಾತು ಕಿವಿಗೆ ಬಿದ್ದು ಬೆಳೆದ ಊರಾದ್ದರಿಂದ ಹಿಂದಿ ಯಾರಿಗೂ ತೊಡಕಾಗುತ್ತಿರಲಿಲ್ಲ. ಬಸೇಸರ್ ರಾಮ್ ಕುಡಿದು ಬಂದು ಕೂಗಾಡಿದ, ಭಾಗವಂತಿ ತುಟಿಪಿಟಕ್ಕೆನ್ನದೆ ಅವನಿಗೆ ಉಣಬಡಿಸಿದ ಒಂದು ಸಂಜೆ ಆ ಮನೆಯ ಹಿರಿಯ ತಾಯಿಯವರು ಸೊಸೆಯ ಕಡೆ ತಿರುಗಿ, ‘ನೋಡಿ ಕಲಿಯವ್ವಾ, ಹೆಂಗಸಂದ್ರ ಹಿಂಗ ಇರಬೇಕು’ ಎಂದರು. ಆ ತಾಯಿ ಕೆಟ್ಟವರಲ್ಲ. ನಮಗೆ ಎಷ್ಟೋ ಸಲ ಕರೆದು ಬಿಸಿರೊಟ್ಟಿ ಹಾಕಿದವರು. ಸೊಸೆ ಏನೂ ಹೇಳದೆ ಹಾಲು ಉಕ್ಕೀತೆಂದು ಎದ್ದು ಒಳಗೆ ಹೋದಳು. ಆ ಮನೆಯ ಮಗನೂ ಕುಡಿಯುತ್ತಿದ್ದನೆಂಬುದು ಓಣಿಗೆಲ್ಲ ಗೊತ್ತಿತ್ತು.

ಪಾಠ ತಲೆಕೆಳಗಾದದ್ದೇಕೆ? ಸಾಬಿದೋ ಅವರ ಲೆಕ್ಕಾಚಾರದಲ್ಲಿ ದುಃಖವೆಂಬುದು ಶಿಕ್ಷೆ. ನಮ್ಮ ಮನೆಗಳಲ್ಲಿ ಹೆಣ್ಣಿನ ದುಃಖ ಬಹುಕಾಲದಿಂದ ಪದವಿಯಾಗಿಬಿಟ್ಟಿದೆ. ಹೆಚ್ಚು ಸಹಿಸಿದವಳು ಹೆಚ್ಚು ದೊಡ್ಡವಳು. ಇಂಥ ಮನೆಯಲ್ಲಿ ಭಾಗವಂತಿಯನ್ನು ಎಷ್ಟು ಅಳಿಸಿದರೂ ಅವಳ ಎತ್ತರ ಏರುತ್ತಲೇ ಹೋಗುತ್ತದೆ. ಜೋಶಿಯವರು ಈ ಮಣ್ಣಿನವರೇ ಆಗಿದ್ದೂ ಇದನ್ನು ಊಹಿಸಲಿಲ್ಲವೆಂಬುದು ನಮ್ಮ ಆಕ್ಷೇಪ. ಅವಳು ಒಮ್ಮೆಯಾದರೂ ಗಟ್ಟಿಯಾಗಿ ನಿಂತು, ನಿಂತದ್ದರಿಂದ ಅವಳಿಗೆ ಸುಖವಾದದ್ದನ್ನು ವಿಸ್ತಾರವಾಗಿ ತೋರಿಸಿದ್ದರೆ ಆ ಸೊಸೆಗೆ ಹೇಳಲು ಒಂದು ಮಾತಾದರೂ ಸಿಕ್ಕುತ್ತಿತ್ತು. ವಿಚಿತ್ರವೆಂದರೆ, ನೇತ್ರದಾನದಂಥ ಸಂಗತಿ ಕಥೆಯಲ್ಲಿ ಬಂದಾಗ ಒಂದು ಯುವಕ ಸಂಘದವರು ದಾನಕ್ಕೆ ಹೆಸರು ಬರೆಸಲು ಮುಂದಾದರು. ಮನೆಯ ಹೊರಗಿನ ಪುಣ್ಯಕಾರ್ಯಗಳನ್ನು ಧಾರಾವಾಹಿ ಸರಾಗವಾಗಿ ಕಲಿಸಿತು. ಮನೆಯ ಒಳಗಿನದಕ್ಕೆ ಬಂದಾಗ ಸೋತಿತು.

ಇನ್ನೊಂದು ಮಾತು. ದೂರದರ್ಶನದಲ್ಲಿ ಪ್ರಾಯೋಜಕರ ಹಣದಿಂದ ನಡೆದ ಮೊದಲ ಧಾರಾವಾಹಿಯೂ ಇದೇ. ಆಗಷ್ಟೇ ಪೇಟೆಗೆ ಬಂದಿದ್ದ ಮ್ಯಾಗಿ ನೂಡಲ್ಸ್ ಈ ಕುಟುಂಬದ ಕಷ್ಟದ ಜೊತೆಜೊತೆಗೇ ಊರೂರು ತಲುಪಿತು. ಮನೆಯ ಕಥೆಗೆ ಜನ ಕೂಡುತ್ತಾರೆ, ಕೂಡಿದವರಿಗೆ ಸರಕು ಮಾರಬಹುದು ಎಂಬುದನ್ನು ವ್ಯಾಪಾರಿಗಳು ಇಲ್ಲಿ ಕಲಿತರು. 2000ದಲ್ಲಿ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ ಆರಂಭವಾಗುವ ಹೊತ್ತಿಗೆ ಬಡತನವನ್ನು ಕಿತ್ತು ಹಾಕಿ, ಭಾಗವಂತಿಯ ಕಣ್ಣೀರನ್ನು ಮಾತ್ರ ಉಳಿಸಿಕೊಂಡು, ಅದಕ್ಕೆ ರೇಷ್ಮೆ ಸೀರೆ ಉಡಿಸಿದ್ದಾಗಿತ್ತು. ಇಂದಿನ ಧಾರಾವಾಹಿಗಳನ್ನು ಬೈಯುವ ಹಿರಿಯರು ಆ ವಂಶಾವಳಿಯನ್ನೂ ನೆನೆಯಬೇಕು.

ಮಝಲೀಯ ಬಗ್ಗೆ ಹೇಳದೆ ಬಿಡುವಂತಿಲ್ಲ. ನಟಿಯಾಗಬೇಕೆಂದು ಮುಂಬಯಿಗೆ ಹೋದ ಈ ಹುಡುಗಿ ಮೋಸಕ್ಕೆ ಗುರಿಯಾಗುತ್ತಾಳೆ. ಹೊಸ್ತಿಲು ದಾಟಿದ್ದಕ್ಕೆ ಶಿಕ್ಷೆ. ಕುಡಿದು ಮನೆ ಕೆಡಿಸಿದ ತಂದೆಯ ಮೇಲೆ ಪ್ರೇಕ್ಷಕರಿಗೆ ಅಲ್ಲಲ್ಲಿ ಕನಿಕರ ಹುಟ್ಟುವಂತೆ, ಉಡಾಳ ಲಲ್ಲೂನ ಮೇಲೆ ನಗು ಬರುವಂತೆ ಬರೆದ ಲೇಖನಿ, ಈ ಹುಡುಗಿಯ ವಿಷಯದಲ್ಲಿ ಮಾತ್ರ ಕಠೋರವಾಯಿತು. ನಗರದ ಮೋಸಗಾರರಿಂದ ಹೆಣ್ಣುಮಕ್ಕಳನ್ನು ಎಚ್ಚರಿಸುವುದು ತಪ್ಪಲ್ಲ. ಆದರೆ ನಟನೆಯನ್ನು ಶ್ರದ್ಧೆಯಿಂದ ಕಲಿತು, ಮಾನದಿಂದ ದುಡಿದು ಬಾಳುವ ದಾರಿಯೂ ಉಂಟೆಂಬುದು ಕಥೆಯೊಳಗೆ ಅವಳಿಗೆ ಯಾರೂ ಹೇಳಲಿಲ್ಲ. ಆ ದಾರಿಯಾದರೋ ಅದೇ ತೆರೆಯ ಮೇಲಿತ್ತು. ಮಝಲೀಯಾಗಿ ನಟಿಸಿದ ದಿವ್ಯಾ ಸೇಠ್, ಅಜ್ಜಿಯಾಗಿ ನಟಿಸಿದ ರಂಗನಟಿ ಸುಷ್ಮಾ ಸೇಠ್ ಅವರ ಸ್ವಂತ ಮಗಳು. ತಾಯಿ ಮಗಳಿಬ್ಬರೂ ಅಂದಿನಿಂದ ಇಂದಿನವರೆಗೆ ಕಲಾವಿದೆಯರೆಂದೇ ಗೌರವ ಪಡೆದಿದ್ದಾರೆ.