ಯಾಪಲದಿನ್ನಿಯ ದಾರಿಯಲ್ಲಿ ಎರಡಂಗುಲ

ಕೃಷ್ಣೆ ತುಂಗಭದ್ರೆಗಳ ನಡುವಣ ನೆಲವನ್ನು ಹಳೆಯ ಶಾಸನಗಳು ಎಡೆದೊರೆನಾಡೆಂದು ಕರೆದಿವೆ. ಆ ನಾಡಿನ ತೆಲುಗು ಸೀಮೆಗೆ ಸಮೀಪವಾದ ರಾಯಚೂರು ತಾಲ್ಲೂಕಿನಲ್ಲಿ ಯಾಪಲದಿನ್ನಿ ಎಂಬ ಊರಿದೆ. ಹೆಸರನ್ನು ಒಡೆದು ನೋಡಿದರೆ ಗಡಿನಾಡಿನ ಗುಟ್ಟು ಹೊರಬೀಳುತ್ತದೆ. ತೆಲುಗಿನ ಆಡುಮಾತಿನಲ್ಲಿ ‘ಯಾಪ’ ಎಂದರೆ ಬೇವು. ‘ದಿನ್ನೆ’ ಎಂದರೆ ಅವರಲ್ಲಿಯೂ ನಮ್ಮಲ್ಲಿಯೂ ಎತ್ತರದ ನೆಲ. ಬೇವಿನ ದಿಬ್ಬವೆಂದು ಅರ್ಥ ಮಾಡಬಹುದು.

ನನ್ನ ಅಕ್ಕನನ್ನು ಕೊಟ್ಟುದು ಈ ಊರಿಗೆ. ಕಳೆದ ಎಳ್ಳಮಾವಾಸ್ಯೆಗೆ ಅಲ್ಲಿಗೆ ಹೋಗಿದ್ದ ನಾನು, ಕಾಲೇಜಿನಲ್ಲಿ ಪಾಠ ಹೇಳುವವನಾದರೂ, ಒಂದು ಪಾಠವನ್ನು ಕಲಿತು ಬಂದೆ. ಅದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಅಕ್ಕನ ಮಗ ಓದು ಮುಗಿಸಿ, ಕೆಲಸ ಸಿಕ್ಕದೆ ಎರಡು ವರ್ಷ ಅಲೆದು, ಕೊನೆಗೆ ಬ್ಯಾಂಕಿನ ಸಾಲವನ್ನೂ ತಾಯಿಯ ಸರವನ್ನೂ ಕೂಡಿಸಿ ಹೊಸ ಪಿಕಪ್ ಗಾಡಿಯೊಂದನ್ನು ಕೊಂಡಿದ್ದನು. ಊರಿನ ಹತ್ತಿ, ತೊಗರಿ, ಮೆಣಸಿನಕಾಯಿಗಳನ್ನು ರಾಯಚೂರಿನ ರಾಜೇಂದ್ರ ಗಂಜಿಗೆ ಸಾಗಿಸಿ, ಬಂದ ಬಾಡಿಗೆಯಿಂದ ಕಂತು ಕಟ್ಟುವುದು ಅವನ ಲೆಕ್ಕ. ಲೆಕ್ಕವೆಲ್ಲ ಸರಿಯಾಗಿಯೇ ಇದ್ದಿತು. ಗಾಡಿಯ ನಿಲುವು ಮಾತ್ರ ಅವನಿಗೆ ಒಗ್ಗಲಿಲ್ಲ.

“ನೋಡ್ರಿ ಮಾಮಾ, ಮೂತಿ ತಗ್ಗೈತಿ, ಹಿಂದ ಎದ್ದೈತಿ. ಹೊಸಾ ಗಾಡಿ ಹಿಂಗ ತಲಿ ಬಗ್ಗಿಸಿ ನಿಂತ್ರ ಚಂದ ಕಾಣತೈತೇನ್ರಿ?”

ಅಮೆರಿಕದಲ್ಲಿ ಇಂಥ ಗಾಡಿಗಳ ಮುಂಭಾಗವನ್ನು ಎತ್ತಿ ಹಿಂಭಾಗಕ್ಕೆ ಸಮ ಮಾಡಿಸುವ ರೂಢಿಯುಂಟು. ಅದಕ್ಕೆ ಬೇಕಾದ ಬಿಡಿಭಾಗಗಳಿಗೆ ‘ಲೆವೆಲಿಂಗ್ ಕಿಟ್’ ಎಂದು ಹೆಸರು. ಅಳಿಯ ಅದರ ಚಿತ್ರಗಳನ್ನು ಫೋನಿನಲ್ಲಿ ನೋಡಿದ್ದನು, ಸಾಮಾನನ್ನೂ ತರಿಸಿದ್ದನು.

ಹಬ್ಬದ ಹಿಂದಿನ ದಿನ ರಾಯಚೂರಿನ ಗ್ಯಾರೇಜೊಂದರಲ್ಲಿ ಆ ಕೆಲಸ ನಡೆಯಿತು. ನಾನೂ ಸ್ಟೂಲಿನ ಮೇಲೆ ಕುಳಿತು ನೋಡಿದೆ. ಹಿಂದಿನ ಗಾಲಿಗಳಿಗೆ ಕಲ್ಲು ಅಡ್ಡವಿಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ನಿಲ್ಲಿಸಿದರು. ಗಾಲಿ ಕಳಚಿದ ಮೇಲೆ ಒಳಗಿನ ಕಟ್ಟು ಕಂಡಿತು: ನಡುವೆ ಷಾಕ್ ಅಬ್ಸಾರ್ಬರು, ಅದರ ಸುತ್ತ ಸುರುಳಿ ಸ್ಪ್ರಿಂಗು, ಅವೆರಡಕ್ಕೂ ಕೆಳಗೆ ಆಸರೆಯಾದ ಉಕ್ಕಿನ ತೋಳು. ಮೇಲಿನ ನಟ್ಟುಗಳನ್ನು ಬಿಚ್ಚಿ ಆ ಜೋಡಿಯನ್ನು ಹೊರತೆಗೆದು, ಅದರ ನೆತ್ತಿಯ ಮೇಲೆ ಒಂದಂಗುಲ ದಪ್ಪದ ಬಳೆಯಂಥ ಬಿಲ್ಲೆಯನ್ನು ಕೂರಿಸಿ, ಮತ್ತೆ ಸ್ವಸ್ಥಾನಕ್ಕೆ ಸೇರಿಸಿ ಬಿಗಿದರು. ಬಿಲ್ಲೆ ಒಂದೇ ಅಂಗುಲವಾದರೂ ಗಾಡಿ ಏರಿದುದು ಎರಡಂಗುಲ. ಸ್ಪ್ರಿಂಗು ಕೂರುವುದು ತೋಳಿನ ನಡುಭಾಗದಲ್ಲಿ, ಗಾಲಿಯಿರುವುದು ತುದಿಯಲ್ಲಿ. ಸನ್ನೆಗೋಲಿನ ನಡುವೆ ಒಂದಂಗುಲ ಒತ್ತಿದರೆ ತುದಿ ಎರಡಂಗುಲ ಸರಿಯುವಂತೆ.

ಗಾಲಿಗಳ ಅಲೈನ್‌ಮೆಂಟನ್ನು ಮತ್ತೆ ಪರೀಕ್ಷಿಸಬೇಕು, ದೀಪಗಳನ್ನು ತಗ್ಗಿಸಬೇಕು ಎಂದು ಮೇಸ್ತ್ರಿ ಹೇಳಿದನು. ಹಬ್ಬದ ಅವಸರದಲ್ಲಿ ಅಳಿಯ ಎರಡನ್ನೂ ಮುಂದಕ್ಕೆ ಹಾಕಿದನು. ಗಾಡಿ ಸಮನಾಗಿ ನಿಂತಿತು. ನಿಜ ಹೇಳಬೇಕೆಂದರೆ ನನಗೂ ಅದು ಚೆಂದವೆನಿಸಿತು.

ಊರ ದಾರಿಯಲ್ಲಿ ಮಸಾರಿ ನೆಲ ಮುಗಿದಲ್ಲಿ ಎರೆ ನೆಲ, ಎರೆ ಮುಗಿದಲ್ಲಿ ಬಂಡೆಗುಂಡುಗಳು. ಹತ್ತಿ ಬಿಡಿಸಿದ ಹೊಲಗಳು ಬೋಳಾಗಿದ್ದವು, ಬಿಳಿಜೋಳ ಹಸುರಾಗಿದ್ದಿತು. ಮರುದಿನ ಸಜ್ಜೆರೊಟ್ಟಿ, ಕಡುಬು, ಶೇಂಗಾ ಹೋಳಿಗೆಗಳ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ ಉಂಡೆವು. ಎಂಬತ್ತರ ಸಮೀಪದಲ್ಲಿರುವ ಅಕ್ಕನ ಮಾವನವರು ಗಾಡಿಯನ್ನು ಒಂದು ಸುತ್ತು ಸುತ್ತಿ ಬಂದು ಕೇಳಿದರು:

“ಬರಿ ಗಾಡಿ ಸಮ ನಿಂತೈತಲ್ಲಪಾ. ಹೇರಿದ ಮ್ಯಾಲ ಹೆಂಗ?”

“ಇದು ಎತ್ತಿನ ಬಂಡಿ ಅಲ್ಲ, ಅಜ್ಜಾ,” ಎಂದು ಅಳಿಯ ನಕ್ಕನು.

ಅಮಾವಾಸ್ಯೆಯಂದು ಹೇರುವುದು ಬೇಡವೆಂದು ಅಜ್ಜ ಹಟ ಹಿಡಿದುದರಿಂದ, ಮರುದಿನ ಸಂಜೆ 50 ಕಿಲೋ ತೂಕದ 20 ಚೀಲ ತೊಗರಿಯನ್ನು ಹೇರಿ ಹೊರಟೆವು. ಒಟ್ಟು ಒಂದು ಟನ್ನು. ಗಾಡಿಯ ಮಿತಿಯೊಳಗಿನ ಭಾರವೇ. ಆದರೆ ಹಿಂದಿನ ಕಮಾನು ಪಟ್ಟಿಗಳು ಮಣಿದು ಮೂತಿ ಮೇಲೆದ್ದಿತು. ಕತ್ತಲಾದಾಗ ದೀಪ ಹಾಕಿದರೆ ಬೆಳಕು ರಸ್ತೆಯನ್ನು ಬಿಟ್ಟು ಬೇವಿನ ಕೊಂಬೆಗಳನ್ನು ತೋರಿಸಿತು. ಸ್ಟೇರಿಂಗು ಹಗುರಾದಂತಿದೆಯೆಂದು ಅಳಿಯ ಎರಡು ಸಲ ಹೇಳಿದನು.

ಅಷ್ಟರಲ್ಲಿ ಎದುರಿನಿಂದ ಮೋಟಾರ್ ಸೈಕಲ್ಲೊಂದು ಬಂದಿತು. ಗಂಡ, ಹೆಂಡತಿ, ನಡುವೆ ಒಂದು ಮಗು. ಸವಾರ ಕೈಯನ್ನು ಕಣ್ಣಿಗೆ ಅಡ್ಡ ಹಿಡಿದುದು ಕಂಡಿತು. ಮರುಕ್ಷಣವೇ ಆ ವಾಹನ ರಸ್ತೆಯಂಚಿನ ಜಾಲಿಯೊಳಕ್ಕೆ ಇಳಿದು ಉರುಳಿತು. ನಾವು ಗಾಡಿ ನಿಲ್ಲಿಸಿ ಓಡಿದೆವು. ದೇವರು ದೊಡ್ಡವನು: ಗಂಡನ ಮೊಣಕಾಲಿಗೆ ತರಚುಗಾಯ, ಮಗುವಿಗೆ ಭಯ, ಅಷ್ಟೇ. ಆ ತಾಯಿ ಬೈಯಲಿಲ್ಲ. “ನಿಮ್ಮ ಲೈಟಿಗೆ ಏನೂ ಕಾಣಲಿಲ್ರಿ, ಅಣ್ಣಾ,” ಎಂದಷ್ಟೇ ಹೇಳಿ ಮಗುವಿನ ಮೈ ತಡವುತ್ತ ಕುಳಿತಳು. ಬೈದಿದ್ದರೆ ಒಳ್ಳೆಯದಾಗುತ್ತಿತ್ತೆಂದು ಅಳಿಯ ಆಮೇಲೆ ಹೇಳಿದನು.

ಅವರನ್ನು ಮನೆ ಮುಟ್ಟಿಸಿ, ಆಮೆಯ ನಡಿಗೆಯಲ್ಲಿ ಯಾಪಲದಿನ್ನಿಗೇ ಮರಳಿದೆವು. ಬೆಳಗ್ಗೆ ಟೇಪು ಹಿಡಿದು ಅಳೆದೆವು. ಬರಿದಾದಾಗ ಸಮನಾಗಿದ್ದ ಗಾಡಿಯ ಮುಂಭಾಗ ಈಗ ಹಿಂಭಾಗಕ್ಕಿಂತ ಎರಡಂಗುಲ ಎತ್ತರದಲ್ಲಿದ್ದಿತು. ಲೆಕ್ಕವನ್ನು ನಾನೇ ಹಾಕಿದೆ. ಮುಂದಿನ ಹಿಂದಿನ ಗಾಲಿಗಳ ಅಂತರ ಸುಮಾರು 3 ಮೀಟರು. ಅಷ್ಟರೊಳಗೆ ಎರಡಂಗುಲ ಏರಿದರೆ 50 ಮೀಟರಿನಾಚೆ ಬೆಳಕು ಸುಮಾರು 85 ಸೆಂಟಿಮೀಟರು ಮೇಲೇರುತ್ತದೆ. ಸೊಂಟದ ಕೆಳಗೆ ಬೀಳಬೇಕಾದ ಬೆಳಕು ಕಣ್ಣಿಗೆ ಬೀಳಲು ಅಷ್ಟು ಸಾಕು.

ಅಜ್ಜ ಕಟ್ಟೆಯ ಮೇಲಿಂದಲೇ ಹೇಳಿದರು: “ಮಾಸ್ತರ, ಬಂಡಿ ಮುಂಭಾರ ಆದ್ರ ನೊಗ ಎತ್ತಿನ ಹೆಗಲು ಒತ್ತತೈತಿ. ಹಿಂಭಾರ ಆದ್ರ ನೊಗ ಮ್ಯಾಲೆದ್ದು ಕೊರಳು ಬಿಗೀತೈತಿ. ಬಂಡೀನ ಬರಿದಿದ್ದಾಗ ನೋಡಬಾರದ್ರಿ, ಹೇರಿದಾಗ ನೋಡಬೇಕು.”

ಈ ಮಾತಿನಲ್ಲಿ ಎಲ್ಲವೂ ಅಡಗಿದ್ದಿತು. ಗಾಡಿಯನ್ನು ತಯಾರಿಸಿದವರು ಹಿಂಭಾಗವನ್ನು ಎತ್ತರಿಸಿದುದು ಅಂದಗೇಡಿತನದಿಂದಲ್ಲ. ಬರಲಿರುವ ಭಾರಕ್ಕಾಗಿ ಕಾದಿರಿಸಿದ ಎಡೆ ಅದು. ಬರಿದಾದ ಗಾಡಿಯಲ್ಲಿ ವಿಹಾರ ಹೋಗುವವನಿಗೆ ಆ ಎಡೆ ಬೇಡವಾಗಬಹುದು. ದುಡಿಯುವ ಗಾಡಿಗೆ ಅದೇ ಆಧಾರ. ಕಾಯಿದೆಯೂ ಇಂಥ ಹವ್ಯಾಸಕ್ಕೆ ಸಲಿಗೆ ಕೊಟ್ಟಿಲ್ಲ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಡೆಯುತ್ತದೆ. ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಎರಡನ್ನೂ ವಿಧಿಸಲು 2019ರ ತಿದ್ದುಪಡಿ ಎಡೆಗೊಟ್ಟಿದೆ.

ಹಗಲಿನಲ್ಲಿಯೇ ಗಂಜಿಗೆ ಹೋಗಿ ತೊಗರಿ ಇಳಿಸಿ, ಬಿಲ್ಲೆಗಳನ್ನು ತೆಗೆಸಲು ಗಾಡಿಯನ್ನು ಗ್ಯಾರೇಜಿಗೆ ಬಿಟ್ಟೆವು. ಅಷ್ಟು ಹೊತ್ತು ಕಳೆಯಲು ಅಳಿಯನನ್ನು ಕೋಟೆಗೆ ಕರೆದೊಯ್ದೆ. 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿಯ ಅಧಿಕಾರಿ ವಿಠ್ಠಲನಾಥನು ಕಟ್ಟಿಸಿದ ಕೋಟೆಯಿದು. ಅದನ್ನು ಹೇಳುವ ತೆಲುಗು ಶಾಸನವಿರುವ ಕಲ್ಲು 41 ಅಡಿಗೂ ಉದ್ದ. ಅಂಥ ಬಂಡೆಯನ್ನು ತಂದುದು ಹೇಗೆಂಬುದನ್ನೂ ಗೋಡೆಯ ಮೇಲೆ ಗೆರೆಗಳಲ್ಲಿ ಕೊರೆದಿದ್ದಾರೆ: ಅರೆಕಾಲುಗಳಿಲ್ಲದ ಇಡಿಗಾಲಿಯ ಬಂಡಿ, ಅದನ್ನೆಳೆಯುವ ಕೋಣಗಳ ಸಾಲು, ಗಾಲಿಗೆ ಸನ್ನೆ ಹಾಕುವ ಆಳುಗಳು.

ಅಳಿಯ ಬಹಳ ಹೊತ್ತು ನೋಡಿ, “ಇವರು ಬರಿ ಬಂಡಿ ಕೆತ್ತಿಲ್ಲಲ್ರಿ ಮಾಮಾ, ಹೇರಿದ ಬಂಡೀನ ಕೆತ್ಯಾರ,” ಎಂದನು.

ಎಂಟು ದಿನಗಳ ಮೇಲೆ ಫೋನು ಬಂದಿತು. ಮತ್ತೆ 20 ಚೀಲ ಹೇರಿ ಅಳೆದನಂತೆ. ಹಿಂದೆಯೂ ಮುಂದೆಯೂ ಸಮನಾಗಿ ನಿಂತಿತಂತೆ. ಬಿಲ್ಲೆಗಳೇನಾದುವೆಂದು ಕೇಳಿದೆ. ಅವೆರಡೂ ಈಗ ಅಕ್ಕನ ಅಡಿಗೆಮನೆಯಲ್ಲಿ ನೀರಿನ ಕೊಡಗಳ ಕೆಳಗೆ ಸಿಂಬಿಗಳಾಗಿವೆಯಂತೆ.