ಬಣ್ಣ ಬಂದ ಮಾತ್ರಕ್ಕೆ...

2024ರ ಮಾರ್ಚ್‌ನಲ್ಲಿ ನಮ್ಮ ವೈಜಾಗ್ ಬಂದರಿಗೆ ಬ್ರೆಜಿಲ್‌ನಿಂದ ಬಂದ ಕಂಟೇನರನ್ನು ಸಿಬಿಐನವರು ತಡೆಹಿಡಿದದ್ದು ನಿಮಗೆ ನೆನಪಿರಬಹುದು. ಒಳಗಿದ್ದದ್ದು 25,000 ಕಿಲೋ ಒಣ ಯೀಸ್ಟ್. ಕಿಟ್ ಹಚ್ಚಿ ನೋಡಿದಾಗ ಮಾದಕ ವಸ್ತುವಿನ ಸುಳಿವು ಸಿಕ್ಕಿತು ಅಂತ ಸುದ್ದಿ. ಚುನಾವಣೆ ಹೊತ್ತು ಬೇರೆ, ಪಾರ್ಟಿಗಳು ಪರಸ್ಪರ ಬೈದುಕೊಂಡದ್ದೇ ಬೈದುಕೊಂಡದ್ದು. ಸಂಜೆ ಬೀಚ್ ರೋಡಿನ ವಾಕಿಂಗ್‌ನಲ್ಲಿ ಸಿಗುವ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಅಷ್ಟೂ ಕಿಲೋಗೆ ರೇಟು ಕಟ್ಟಿ ಕೋಟಿಗಟ್ಟಲೆ ಲೆಕ್ಕ ಹಾಕಿಬಿಟ್ಟಿದ್ದರು!

"ಬಣ್ಣ ಬಂದದ ಅಂದಮ್ಯಾಲೆ ಇನ್ನೇನ್ರೀ?" ಅಂದರು.

ನಾನು ಬಿಕಾಂ, ಕೆಮಿಸ್ಟ್ರಿ ಅಷ್ಟಕ್ಕಷ್ಟೆ. ಆದರೂ ಅವರ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಓದುತ್ತಾ ಹೋದೆ. ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಇದೆಯಲ್ಲ, ಅಂಚೆಚೀಟಿಗಿಂತ ಚಿಕ್ಕ ಕಾಗದದ ಚೂರಿನಲ್ಲಿ ಬರುವಂಥದ್ದು, ಅದಕ್ಕೆ ಎರ್ಲಿಕ್ ಅನ್ನೋ ದ್ರಾವಣದ ಹನಿ ಹಾಕುತ್ತಾರೆ. ನೇರಳೆ ಬಣ್ಣಕ್ಕೆ ತಿರುಗಿದರೆ ಅನುಮಾನ. ಆದರೆ ದ್ರಾವಣ ಗುರುತಿಸೋದು ಎಲ್‌ಎಸ್‌ಡಿಯನ್ನಲ್ಲ, ಅದರೊಳಗಿನ ಇಂಡೋಲ್ ಎಂಬ ರಚನೆಯನ್ನು. ಅದು ಬೇರೆ ಎಷ್ಟೋ ವಸ್ತುಗಳಲ್ಲೂ ಇದೆ. ಅತ್ತ ಎಲ್‌ಎಸ್‌ಡಿ ಹೆಸರಲ್ಲಿ ಮಾರುವ ಎನ್‌ಬೋಮ್ ಎಂಬ ಅಪಾಯಕಾರಿ ಸರಕಿಗೆ ಈ ಬಣ್ಣ ಬರೋದೇ ಇಲ್ಲ. ಅಂದರೆ ಕಿಟ್ ಹೇಳೋದು 'ಲ್ಯಾಬಿಗೆ ಕಳಿಸಿ' ಅಂತ ಮಾತ್ರ.

ಲ್ಯಾಬಿನ ವರದಿ ಬರುವಷ್ಟರಲ್ಲಿ ಮನುಷ್ಯನ ಗತಿ? 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ 0.1 ಗ್ರಾಂ ಎಲ್‌ಎಸ್‌ಡಿಯೇ ವಾಣಿಜ್ಯ ಪ್ರಮಾಣ, ಜಾಮೀನು ಸಿಗೋದು ಬಲು ಕಷ್ಟ. ಕೇರಳದ ಚಾಲಕುಡಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಒಬ್ಬ ಮಹಿಳೆಯನ್ನು 2023ರ ಫೆಬ್ರವರಿಯಲ್ಲಿ 12 ಎಲ್‌ಎಸ್‌ಡಿ ಸ್ಟಾಂಪ್ ಸಿಕ್ಕಿತು ಅಂತ ಬಂಧಿಸಿದರು. 72 ದಿನ ಜೈಲು. ಆಮೇಲೆ ಲ್ಯಾಬ್ ವರದಿ ಬಂತು, ಅದು ಎಲ್‌ಎಸ್‌ಡಿಯೇ ಅಲ್ಲ!

ಇದು ನನ್ನನ್ನು ಯಾಕೆ ಇಷ್ಟು ಚುಚ್ಚುತ್ತೆ ಅಂದರೆ, ಇಂಥದ್ದೇ ಒಂದು ತಪ್ಪನ್ನು ನಾನೇ ಮಾಡಿದ್ದೇನೆ. ಬಹಳ ಹಿಂದೆ, ವಿಜಯವಾಡದ ಬ್ರಾಂಚಿನಲ್ಲಿ ಚಿನ್ನದ ಸಾಲದ ಸೀಟಿನಲ್ಲಿದ್ದೆ. ಒಬ್ಬ ಮುದುಕಿ ಸರ ತಂದಿದ್ದಳು. ಅಪ್ರೈಸರ್ ಅದನ್ನು ಕೊಕ್ಕೆ ಹತ್ತಿರ ಒರೆಗಲ್ಲಿಗೆ ಉಜ್ಜಿ ಆಸಿಡ್ ಹನಿಸಿದ. ಗೆರೆ ಮಾಸಿತು. ಕ್ಯೂನಲ್ಲಿ ಇಪ್ಪತ್ತು ಜನ. ಎಲ್ಲರಿಗೂ ಕೇಳುವ ಹಾಗೆ "ಇದು ನಕಲಿ ಅಮ್ಮಾ, ಪೊಲೀಸ್ ಕಂಪ್ಲೇಂಟ್ ಆಗುತ್ತೆ" ಅಂದುಬಿಟ್ಟೆ. ನನ್ನ ಅರೆಬರೆ ತೆಲುಗಿನಲ್ಲಿ ಅದು ಇನ್ನೂ ಒರಟಾಗಿ ಕೇಳಿಸಿರಬೇಕು.

"ನೇನು ದೊಂಗನಿ ಕಾದು ಬಾಬೂ" ಅಂದಳು. ನಾನು ಕಳ್ಳಿಯಲ್ಲಪ್ಪಾ ಅಂತ. ಸರವನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

ವಾರದ ಮೇಲೆ ಅವಳ ಮಗ ಬಂದ. ಬೇರೆ ಕಡೆ ಸರದ ಮಧ್ಯದ ಕೊಂಡಿ ಕತ್ತರಿಸಿ ನೋಡಿಸಿದ್ದ. ಅಪ್ಪಟ ಚಿನ್ನ! ನಮ್ಮವನು ಉಜ್ಜಿದ್ದು ಬೆಸುಗೆಯ ಜಾಗ. ಕೂರಿಸಿ, ಕಾಫಿ ತರಿಸಿ, ಇವತ್ತೇ ಸಾಲ ಕೊಡ್ತೀವಿ ಅಂದೆ. ಅವನು ಚೀಟಿಯನ್ನು ನನ್ನ ಟೇಬಲ್ ಮೇಲೇ ಬಿಟ್ಟು ಎದ್ದ. ಅಮ್ಮ ಇನ್ನು ಈ ಮೆಟ್ಟಿಲು ಹತ್ತಲ್ಲ ಅಂದಿದ್ದಾಳೆ ಸಾರ್, ಅಂದ. ಕಾಫಿ ಹಾಗೇ ಆರಿತು.