ಫೈಲು ಎಲ್ಲಿಗೆ ಬಂತು?

ಶಾಸಕರು ಊರಿಗೆ ಬರುತ್ತಾರೆ ಎಂಬ ಸುದ್ದಿ ನಮ್ಮ ಲಿಂಗದಹಳ್ಳಿಯಲ್ಲಿ ಮೊದಲು ತಲುಪುವುದು ಶಾಮಿಯಾನದವರಿಗೆ, ಅದರ ಬೆನ್ನಿಗೇ ಜೆರಾಕ್ಸ್ ಅಂಗಡಿಗೆ. ಹಿಂದಿನ ದಿನ ಸಂಜೆ ಆ ಅಂಗಡಿ ಮುಂದೆ ನಿಂತರೆ ಇಡೀ ಹೋಬಳಿಯ ಕಷ್ಟಸುಖ ಗೊತ್ತಾಗುತ್ತದೆ. ಒಬ್ಬರ ಕೈಯಲ್ಲಿ ಪಹಣಿ, ಇನ್ನೊಬ್ಬರ ಕೈಯಲ್ಲಿ ರೇಷನ್ ಕಾರ್ಡು, ಮತ್ತೊಬ್ಬರ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನ ಮಾಡಿದ ಹಳೇ ಅರ್ಜಿಯ ಸ್ವೀಕೃತಿ ಚೀಟಿ. ಮಡಿಕೆ ಬಿದ್ದು ಬಿದ್ದು ಅದರ ನಡುಗೆರೆಯಲ್ಲಿ ಅಕ್ಷರ ಅಳಿಸಿಹೋಗಿರುತ್ತದೆ. ನಾಡಕಚೇರಿಯ ನೀಲಿ ಸೀಲು ಮಾತ್ರ ಇನ್ನೂ ಉಳಿದಿರುತ್ತದೆ. ಅದನ್ನು ಹಿಡಿದು ಬಂದವರು ಹೊಸದೇನನ್ನೂ ಕೇಳಲು ಬಂದವರಲ್ಲ. ಮೊದಲು ಕೊಟ್ಟದ್ದು ಎಲ್ಲಿಗೆ ಬಂತು ಎಂದು ಕೇಳಲು ಬಂದವರು.

ಅಂಥ ಸಭೆಗಳಿಗೆ ಹೋಗುವುದು ನನಗೆ ಮೊದಲಿನಿಂದ ಇಷ್ಟ. ಹಾರ, ಶಾಲು, ಪ್ರಾರ್ಥನೆ, ಸ್ವಾಗತ ಎಲ್ಲ ಮುಗಿದು ಶಾಸಕರು ಮೈಕಿನ ಮುಂದೆ ಬಂದಾಗ ಮೊದಲ ಹತ್ತು ನಿಮಿಷದಲ್ಲಿ ಕ್ಷೇತ್ರದ ಸಮಾಚಾರ ಬರುತ್ತದೆ. ಯಾವ ರಸ್ತೆಗೆ ಹಣ ಬಂತು, ಯಾವ ಶಾಲೆಗೆ ಕೊಠಡಿ, ಆಸ್ಪತ್ರೆಗೆ ವೈದ್ಯರು ಬರುತ್ತಾರೋ ಇಲ್ಲವೋ, ಬೆಂಗಳೂರಿನಲ್ಲಿ ಮಂತ್ರಿಗಳು ಏನೆಂದರು. ಆ ಹತ್ತು ನಿಮಿಷ ಶಾಮಿಯಾನದ ಕೆಳಗೆ ಯಾರೂ ಮಾತಾಡುವುದಿಲ್ಲ. ಆಮೇಲೆ ಭಾಷಣ ರಾಜಕೀಯಕ್ಕೆ ಹೊರಳಿದಾಗ ಎಲೆಅಡಿಕೆಯ ಚೀಲಗಳು ತೆರೆದುಕೊಳ್ಳುತ್ತವೆ. ಜನರಿಗೆ ಏನು ಬೇಕೆಂದು ತಿಳಿಯಲು ಬೇರೆ ಸಮೀಕ್ಷೆ ಬೇಡ.

ಆದರೆ ಆ ಸಮಾಚಾರದಲ್ಲಿ ಒಂದು ಮಾತು ಬಹಳ ಸಲ ಬರುತ್ತದೆ: ‘ಮಂಜೂರಾಗಿದೆ.’ ಕೇಳಿದವರು ಚಪ್ಪಾಳೆ ತಟ್ಟುತ್ತಾರೆ. ಒಂದು ಹಳ್ಳಿರಸ್ತೆ ಕಾಗದದಿಂದ ನೆಲಕ್ಕೆ ಇಳಿಯಬೇಕಾದರೆ ಎಷ್ಟು ಮೆಟ್ಟಿಲು ಇಳಿಯಬೇಕು ಎಂಬುದನ್ನು ಹೇಳುವವರು ಕಡಿಮೆ. ಮೊದಲು ಎಂಜಿನಿಯರು ಬಂದು ಅಳತೆ ಮಾಡಿ ಅಂದಾಜು ಪಟ್ಟಿ ತಯಾರಿಸಬೇಕು. ಅದಕ್ಕೆ ಆಡಳಿತಾತ್ಮಕ ಮಂಜೂರಾತಿ ಸಿಗಬೇಕು, ಆಮೇಲೆ ತಾಂತ್ರಿಕ ಮಂಜೂರಾತಿ. ಟೆಂಡರು ಕರೆಯಬೇಕು, ಯಾರೂ ಹಾಕದಿದ್ದರೆ ಮತ್ತೆ ಕರೆಯಬೇಕು. ಕಾರ್ಯಾದೇಶ ಕೊಡಬೇಕು. ರಸ್ತೆ ಕಾಡಿನ ಅಂಚಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇರೆ. ಇವುಗಳಲ್ಲಿ ಯಾವ ಮೆಟ್ಟಿಲಲ್ಲಿ ನಿಂತಿದ್ದರೂ ‘ಮಂಜೂರಾಗಿದೆ’ ಎನ್ನಬಹುದು, ಸುಳ್ಳೇನೂ ಆಗುವುದಿಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆ ಸಾಗಿಸುವ ದಾರಿ ಆಗುತ್ತದೋ ಇಲ್ಲವೋ ಎಂದು ತಿಳಿಯಬೇಕಾದವನಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಒಮ್ಮೆ ಇಂಥ ಒಂದು ಸಭೆಯಲ್ಲಿ ಅಜ್ಜಿಯೊಬ್ಬರು ಬಗರ್‌ಹುಕುಂ ಜಮೀನಿನ (ಅಪ್ಪಣೆಯಿಲ್ಲದೆ ಸಾಗುವಳಿ ಮಾಡುತ್ತ ಬಂದ ಸರ್ಕಾರಿ ಜಮೀನಿನ) ಅರ್ಜಿ ಹಿಡಿದು ಮುಂದೆ ಬಂದರು. ಆಗ ಶಾಸಕರು ಯಾರಿದ್ದರು ಎಂಬುದು ಇಲ್ಲಿ ಮುಖ್ಯವಲ್ಲ. ಅರ್ಜಿ ಇಸಿದುಕೊಂಡವರು ಪಕ್ಕದಲ್ಲಿದ್ದ ಅಧಿಕಾರಿಯ ಕಡೆ ನೋಡಿದರು, ಅಧಿಕಾರಿ ಕೆಳಗಿನವರ ಕಡೆ ನೋಡಿದರು. ಅಂಚಿನಲ್ಲಿ ‘ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂದು ಬರೆದು ಸಹಿ ಹಾಕಿ, “ಆಯ್ತಮ್ಮ, ಮಾಡಿಸ್ತೀವಿ” ಎಂದರು. ಅಜ್ಜಿ ಕದಲಲಿಲ್ಲ. “ಹೋದ ಸಲಾನೂ ಹಿಂಗೇ ಬರೆದ್ರಿ ಕಣಪ್ಪ. ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳಿ. ಏನಕ್ಕೆ ಆಗಲ್ಲ ಅಂತ ಹೇಳಿ. ನಮ್ಮುಡುಗ್ರಿಗೆ ಬೇರೆ ದಾರಿ ತೋರಿಸ್ತೀನಿ” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಶಾಸಕರು ಕುರ್ಚಿ ಸರಿಸಿ ಎದ್ದು ನಿಂತು, ಕಡತ ತರಿಸಿ ಅಲ್ಲೇ ಓದಿಸಿದರು. ಸರ್ವೆ ನಂಬರು ಅರಣ್ಯದ ಪಟ್ಟಿಯಲ್ಲಿದೆ, ಜಂಟಿ ಸರ್ವೆ ಆಗುವವರೆಗೆ ಸಕ್ರಮ ಸಮಿತಿಯ ಮುಂದೆ ತರಲು ಬರುವುದಿಲ್ಲ ಎಂದು ತಿಳಿಯಿತು. ಅಜ್ಜಿಗೆ ಜಮೀನು ಸಿಗಲಿಲ್ಲ. ಆದರೆ ಅವರು ಕೈ ಮುಗಿದು, ಚೀಟಿಯನ್ನು ಕವರಿನೊಳಗೆ ಇಟ್ಟುಕೊಂಡು ಸಮಾಧಾನದಿಂದ ಹೋದರು. ಜನರನ್ನು ಸವೆಸುವುದು ‘ಇಲ್ಲ’ ಎಂಬ ಉತ್ತರವಲ್ಲ, ಉತ್ತರವೇ ಬಾರದಿರುವುದು ಎಂದು ನನಗೆ ಅವತ್ತು ಖಾತ್ರಿಯಾಯಿತು.

ಬಗರ್‌ಹುಕುಂ ವಿಷಯದಲ್ಲಂತೂ ಶಾಸಕರ ಮಾತಿಗೆ ಬೇರೆಯದೇ ತೂಕ. ಸಾಗುವಳಿ ಸಕ್ರಮ ಸಮಿತಿಗೆ ಅವರೇ ಅಧ್ಯಕ್ಷರು. ಅರ್ಜಿ ಹಾಕಲು ಮೊದಲು ನಮೂನೆ 50, ಆಮೇಲೆ 53, 2018ರಲ್ಲಿ 57. ಅಪ್ಪ ಒಂದು ನಮೂನೆಯಲ್ಲಿ, ಮಗ ಇನ್ನೊಂದರಲ್ಲಿ ಅರ್ಜಿ ಹಾಕಿ ಒಂದೇ ಜಮೀನಿಗೆ ಕಾಯುತ್ತಿರುವ ಮನೆಗಳು ನಮ್ಮ ಸೀಮೆಯಲ್ಲಿವೆ. ತಾಲ್ಲೂಕಿನ ಇಲಾಖೆಗಳನ್ನೆಲ್ಲ ಕೂರಿಸಿಕೊಂಡು ನಡೆಸುವ ಕೆಡಿಪಿ ಸಭೆಗೂ ಅವರದೇ ಅಧ್ಯಕ್ಷತೆ. ಅಲ್ಲಿ ಎಂಜಿನಿಯರು, ಕೃಷಿ ಅಧಿಕಾರಿ, ಬಿಇಒ ಎಲ್ಲರೂ ಪ್ರಗತಿ ವರದಿ ಒಪ್ಪಿಸುತ್ತಾರೆ. ಆ ವರದಿಯ ಪ್ರತಿಯೊಂದು ನಮ್ಮ ಪಂಚಾಯ್ತಿ ಕಟ್ಟೆಗೂ ಬರಬೇಕೆಂಬುದು ನನ್ನ ಬಹುದಿನದ ಆಸೆ.

ಲಿಂಗದಹಳ್ಳಿ ನೋಡದವರಿಗೆ ಇಲ್ಲೊಂದು ಮಾತು ಹೇಳಬೇಕು. ತರೀಕೆರೆಯಿಂದ ಬಂದರೂ ಬೀರೂರಿನಿಂದ ಬಂದರೂ ಕೆಮ್ಮಣ್ಣುಗುಂಡಿಗೆ ಹೋಗುವವರು ನಮ್ಮೂರು ದಾಟಿಯೇ ಹೋಗಬೇಕು. ವಾರದ ಕೊನೆಯಲ್ಲಿ ಬೆಂಗಳೂರಿನ ಕಾರುಗಳು ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿದು ಕಲ್ಲತ್ತಿಗಿರಿ ಕಡೆ ಏರುತ್ತವೆ. ಎದುರಿಗೆ ಮಲೆನಾಡಿನ ಗೋಡೆ, ಬೆನ್ನಿಗೆ ಬಯಲು. ಬೆಟ್ಟದ ಮೋಡ ನಮ್ಮ ತಲೆ ಮೇಲೆ ಬಂದು ನಿಂತರೂ ಮಳೆ ಎಷ್ಟೋ ಸಲ ಸಂತವೇರಿ ಘಾಟಿಯ ಆಚೆಗೇ ಸುರಿದು ಮುಗಿಯುತ್ತದೆ. ಕಾಫಿ, ಅಡಿಕೆ, ತೆಂಗು, ರಾಗಿ ಎಲ್ಲ ಒಂದೇ ಹೋಬಳಿಯೊಳಗೆ ಕಾಣುತ್ತವೆ. ಹಾಗಾಗಿ ಒಬ್ಬ ಶಾಸಕರ ಮುಂದೆ ಬರುವ ಅರ್ಜಿಗಳೂ ತರಾವರಿ: ಒಬ್ಬರಿಗೆ ಆನೆ ಕಾಟ, ಇನ್ನೊಬ್ಬರಿಗೆ ಬತ್ತಿದ ಬೋರು, ಮತ್ತೊಬ್ಬರಿಗೆ ಅಡಿಕೆಯ ಎಲೆಚುಕ್ಕಿ ರೋಗ.

ನೀರಿನ ಮಾತು ಬಂದರೆ ಭದ್ರಾ ಮೇಲ್ದಂಡೆಯನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಭದ್ರಾ ಅಣೆಕಟ್ಟು ಇರುವುದು ನಮ್ಮ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ. ತುಂಗೆಯಿಂದ 17.40 ಟಿಎಂಸಿ ನೀರನ್ನು ಎತ್ತಿ ಭದ್ರೆಗೆ ತರುವುದು, ಭದ್ರೆಯಿಂದ 29.90 ಟಿಎಂಸಿ ಎತ್ತಿ ಅಜ್ಜಂಪುರದ ಹತ್ತಿರದ ಸುರಂಗ ದಾಟಿಸಿ ಬಯಲುಸೀಮೆಗೆ ಕೊಡುವುದು ಯೋಜನೆಯ ಲೆಕ್ಕ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ಅರ್ಧದಷ್ಟು ನೀರು. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಕೊಡುವ ಘೋಷಣೆ ಆಯಿತು. ಆ ಹಣ ಯಾಕೆ ಬರಲಿಲ್ಲ ಎಂಬುದು ಆಮೇಲಿನ ದೊಡ್ಡ ಜಗಳ. ಹಣದ ಜಗಳ ಪತ್ರಿಕೆಗಳಲ್ಲಿ ಓದಲು ಸಿಗುತ್ತದೆ. ಕಾಲುವೆಗೆ ಜಮೀನು ಬಿಟ್ಟುಕೊಟ್ಟವನ ಪರಿಹಾರ ಯಾವ ಹಂತದಲ್ಲಿದೆ, ನಮ್ಮ ಕೆರೆ ಆ 367ರಲ್ಲಿ ಇದೆಯೋ ಇಲ್ಲವೋ, ಇದ್ದರೆ ಯಾವ ಕಾಲುವೆಯಿಂದ ನೀರು ಎಂಬುದು ಎಲ್ಲಿ ಸಿಗಬೇಕು? ಅದನ್ನು ಊರ ಮುಂದೆ ನಿಂತು ಹೇಳಬೇಕಾದವರು ಶಾಸಕರೇ. ಅಣೆಕಟ್ಟಿನ ನೆರಳಲ್ಲಿ ಕೂತವರು ನೀರಿನ ಸುದ್ದಿಯನ್ನು ಬೇರೆ ಜಿಲ್ಲೆಯ ಹೋರಾಟದವರ ಬಾಯಿಂದ ಕೇಳುವ ಹಾಗೆ ಆಗಬಾರದು.

ಆಳುವವರು ವರ್ಷದ ಲೆಕ್ಕವನ್ನು ಜನರ ಮುಂದೆ ಓದುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿದಾಗ ದಿವಾನ್ ಸಿ. ರಂಗಾಚಾರ್ಲು ಮಾಡಿದ್ದು ಇದನ್ನೇ. 144 ಮಂದಿ ಪ್ರತಿನಿಧಿಗಳ ಮುಂದೆ ಸಂಸ್ಥಾನದ ಆದಾಯ ಖರ್ಚು, ಮಾಡಿದ ಕೆಲಸ, ಮಾಡಬೇಕಾದ ಕೆಲಸ ಎಲ್ಲವನ್ನೂ ಇಟ್ಟರು. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ, ಹಣ ತಡೆಯುವ ಅಧಿಕಾರ ಇರಲಿಲ್ಲ. ಚುನಾವಣೆ ಬಂದದ್ದೂ 1891ರಲ್ಲಿ. ಬಂದವರು ಬಹುಮಟ್ಟಿಗೆ ಜಮೀನುದಾರರು, ವ್ಯಾಪಾರಿಗಳು. ಮತ ಎಲ್ಲರಿಗೂ ಇರಲಿಲ್ಲ. ಆ ಕೊರತೆಗಳನ್ನೆಲ್ಲ ಒಪ್ಪಿಕೊಂಡೂ ನನಗೆ ಆ ಸಭೆಯ ಮೇಲೆ ಗೌರವ ಹೆಚ್ಚು. ಉತ್ತರ ಕೊಡಲೇಬೇಕೆಂಬ ಕಟ್ಟುಪಾಡು ಇಲ್ಲದಿದ್ದಾಗಲೂ ಒಬ್ಬ ದಿವಾನ ಉತ್ತರ ಕೊಡುವ ಪರಿಪಾಠ ಹಾಕಿದ. ಇವತ್ತು ವೋಟು ಕೊಟ್ಟವರು ನಾವು, ಉತ್ತರ ಕೇಳುವ ಹಕ್ಕು ಬರಹದಲ್ಲಿದೆ, ಪ್ರಶ್ನೋತ್ತರ ವೇಳೆಯಲ್ಲಿ ಶಾಸಕರು ಮಂತ್ರಿಗಳನ್ನು ನಿಲ್ಲಿಸಿ ಕೇಳುತ್ತಾರೆ. ಆದರೆ ಬೆಂಗಳೂರಿನಲ್ಲಿ ಕೇಳಿ ಪಡೆದ ಆ ಉತ್ತರದ ಪ್ರತಿ ಲಿಂಗದಹಳ್ಳಿಗೆ ಬರುವುದೇ ಅಪರೂಪ. ವಿಧಾನಸೌಧದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಗೆ ಕೊಟ್ಟ ಒಂದು ಪುಟದ ಉತ್ತರವನ್ನು ನಮ್ಮ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದರೆ ಅದನ್ನು ಓದದೆ ಯಾರೂ ಬಸ್ಸು ಹತ್ತುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ನಮ್ಮ ಕ್ಷೇತ್ರದ ಮಟ್ಟಿಗೆ ಈ ಲೆಕ್ಕ ಒಪ್ಪಿಸುವ ಕೆಲಸಕ್ಕೆ ಇನ್ನೂ ಒಂದು ಕಾರಣವಿದೆ. ತರೀಕೆರೆಯಲ್ಲಿ 2008ರಲ್ಲಿ ಬಿಜೆಪಿಯ ಡಿ.ಎಸ್. ಸುರೇಶ್ ಗೆದ್ದರು, 2013ರಲ್ಲಿ ಕಾಂಗ್ರೆಸ್ಸಿನ ಜಿ.ಎಚ್. ಶ್ರೀನಿವಾಸ್. 2018ರಲ್ಲಿ ಮತ್ತೆ ಸುರೇಶ್, 2023ರಲ್ಲಿ ಮತ್ತೆ ಶ್ರೀನಿವಾಸ್. ಒಬ್ಬರು ಶುರು ಮಾಡಿದ ಕೆಲಸ ಇನ್ನೊಬ್ಬರ ಕಾಲಕ್ಕೆ ದಾಟುವುದು ಇಲ್ಲಿ ಮಾಮೂಲು. ಅಜ್ಜಂಪುರವನ್ನೇ ನೋಡಿ: ತಾಲ್ಲೂಕಾಗಿ 2017ರ ಬಜೆಟ್ಟಿನಲ್ಲಿ ಘೋಷಣೆಯಾದದ್ದು ಒಬ್ಬರ ಅವಧಿಯಲ್ಲಿ, ಕಚೇರಿಗಳು ಒಂದೊಂದಾಗಿ ಕಾಲೂರಬೇಕಾದದ್ದು ಇನ್ನೊಬ್ಬರ ಅವಧಿಯಲ್ಲಿ. ಹಿಂದಿನವರು ಎಲ್ಲಿಗೆ ಬಿಟ್ಟರು, ತಾವು ಎಲ್ಲಿಂದ ಹಿಡಿದೆವು ಎಂದು ಹೊಸಬರು ಹೇಳಿದರೆ ಹಿಂದಿನವರ ಗೌರವವೂ ಉಳಿಯುತ್ತದೆ, ಕೆಲಸದ ಎಳೆಯೂ ತುಂಡಾಗುವುದಿಲ್ಲ.

ಪಕ್ಕದ ಕಡೂರಿಗೂ ನಮಗೂ ಸಂತೆ ಒಂದೇ, ನೆಂಟಸ್ತನ ಒಂದೇ. ಲೋಕಸಭೆಯ ಚುನಾವಣೆ ಬಂದಾಗ ಮಾತ್ರ ಕಡೂರಿನವರು ಹಾಸನದ ಜೊತೆ, ನಾವು ಕುಂದಾಪುರ, ಕಾಪು, ಕಾರ್ಕಳದ ಕಡಲಿನವರ ಜೊತೆ. ಸಂಸದರು ಅಷ್ಟು ದೂರದವರಾದಾಗ ಕೈಗೆ ಸಿಗುವವರು ಶಾಸಕರೊಬ್ಬರೇ. ಕಡೂರಿನ ಮಾತು ಬಂದಾಗ ವೈ.ಎಸ್.ವಿ. ದತ್ತ ಅವರನ್ನು ನೆನೆಯದಿರಲು ಮನಸ್ಸು ಬಾರದು. ಯಗಟಿಯ ದತ್ತ ಮೇಷ್ಟ್ರು 2013ರಿಂದ 2018ರವರೆಗೆ ಅಲ್ಲಿ ಶಾಸಕರಾಗಿದ್ದರು. ಪಾಠ ಹೇಳಿದ ಅಭ್ಯಾಸ ಅವರ ಸದನದ ಮಾತಿನಲ್ಲೂ ಕಾಣುತ್ತಿತ್ತು: ಬಜೆಟ್ಟಿನ ಅಂಕಿಗಳನ್ನು ಎಸ್ಸೆಸ್ಸೆಲ್ಸಿ ಹುಡುಗನಿಗೂ ತಿಳಿಯುವಂತೆ ಬಿಡಿಸುತ್ತಿದ್ದರು. 2020ರ ಲಾಕ್‌ಡೌನಿನಲ್ಲಿ ಶಾಸಕರಲ್ಲದಿದ್ದಾಗಲೂ ಫೇಸ್‌ಬುಕ್ಕಿನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟರು. ಅವರ ರಾಜಕೀಯ ಒಪ್ಪದವರೂ ಆ ಪಾಠ ಕೇಳಿದ್ದಾರೆ. ಸರ್ಕಾರದ ವಿಷಯವನ್ನು ಬಿಡಿಸಿ ಹೇಳುವುದಕ್ಕೂ ಅಂಥದೇ ತಾಳ್ಮೆ ಬೇಕು.

ನೀತಿಯ ಸುದ್ದಿ ಊರಿಗೆ ಬರುವಾಗ ಎಷ್ಟು ಬಿಡಿಸಬೇಕಾಗುತ್ತದೆ ಎಂಬುದಕ್ಕೆ ಶಕ್ತಿ ಯೋಜನೆ ಸಾಕು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಒಳ್ಳೆಯ ಕೆಲಸ; ಒಂಟಿಯಾಗಿ ತರೀಕೆರೆ ಆಸ್ಪತ್ರೆಗೆ ಹೋಗಲು ಯೋಚಿಸುತ್ತಿದ್ದ ನಮ್ಮೂರಿನ ಎಷ್ಟೋ ತಾಯಂದಿರು ಈಗ ಯಾರನ್ನೂ ಕೇಳದೆ ಹೊರಡುತ್ತಾರೆ. ಆದರೆ ನಮ್ಮ ಕಡೆ ಖಾಸಗಿ ಬಸ್ಸುಗಳೇ ಓಡುವ ಹೊತ್ತು, ಓಡುವ ದಾರಿ ಇವೆ. ಅಲ್ಲಿ ಆಧಾರ್ ತೋರಿಸಿದರೆ ಪ್ರಯೋಜನವಿಲ್ಲ, ದುಡ್ಡು ಕೊಡಲೇಬೇಕು. ಅಡಿಕೆ ಸುಲಿಯಲು ಹೋಗುವ ಹೆಣ್ಣಾಳುಗಳಿಗೆ ಬೆಳಗಿನ ಆರೂವರೆಯ ಸರ್ಕಾರಿ ಬಸ್ಸೊಂದು ಬೇಕು. ಅದಕ್ಕೆ ಡಿಪೋದಲ್ಲಿ ಬಸ್ಸು, ಚಾಲಕ, ಆ ದಾರಿಯ ಪರವಾನಗಿ ಎಲ್ಲ ಕೂಡಿಬರಬೇಕು. ಯೋಜನೆಯ ಹಿರಿಮೆಯನ್ನು ಹೇಳುವ ಭಾಷಣದಲ್ಲಿ ಆ ಆರೂವರೆಯ ಬಸ್ಸಿನ ಸುದ್ದಿಯೂ ಇದ್ದರೆ ಹೆಣ್ಣುಮಕ್ಕಳ ಸಾಲಿನಿಂದ ಚಪ್ಪಾಳೆ ತಾನಾಗಿ ಬರುತ್ತದೆ.

ಶಾಸಕರ ಕಷ್ಟವೂ ನನಗೆ ಗೊತ್ತು. ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯೆಂದು ವರ್ಷಕ್ಕೆ ಸಿಗುವುದು 2 ಕೋಟಿ ರೂಪಾಯಿ. ಅವರು ಶಿಫಾರಸು ಮಾಡಬೇಕು, ಜಿಲ್ಲಾಧಿಕಾರಿ ಮಂಜೂರು ಮಾಡಬೇಕು. ಎರಡು ತಾಲ್ಲೂಕುಗಳ ಊರೂರಿಗೆ ಹಂಚಿದರೆ ಒಂದೊಂದಕ್ಕೆ ಸಮುದಾಯ ಭವನದ ಒಂದು ಗೋಡೆಯೂ ಏಳುವುದಿಲ್ಲ. ಮದುವೆ, ಸಾವು, ಜಾತ್ರೆ, ಗುದ್ದಲಿ ಪೂಜೆ ಎಲ್ಲಕ್ಕೂ ಹೋಗಲೇಬೇಕು; ಹೋಗದಿದ್ದರೆ ಬೇಸರ. ಅವರ ಸಮಯವನ್ನು ಹೀಗೆ ಕಿತ್ತುಕೊಳ್ಳುವವರಲ್ಲಿ ನಮ್ಮೂರಿನವರೂ ಇದ್ದಾರೆ. ಗೃಹಪ್ರವೇಶಕ್ಕೆ ಬರಲಿಲ್ಲ ಎಂದು ಮುನಿಸಿಕೊಂಡವರು ಕೆಡಿಪಿ ಸಭೆಯಲ್ಲಿ ನಮ್ಮ ಆಸ್ಪತ್ರೆಯ ಮಾತು ಎತ್ತಿದರೇ ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಅದನ್ನು ಕೇಳುವುದು ನಮ್ಮ ಪಾಲಿನ ಕೆಲಸ.

ಮುಂದಿನ ಸಭೆಗೆ ನಾನೂ ಒಂದು ಅರ್ಜಿ ಬರೆದಿಟ್ಟಿದ್ದೇನೆ. ಅದರಲ್ಲಿ ರಸ್ತೆ ಕೇಳಿಲ್ಲ, ಭವನ ಕೇಳಿಲ್ಲ. ಲಿಂಗದಹಳ್ಳಿ ಹೋಬಳಿಯಿಂದ ನಮೂನೆ 57ರಲ್ಲಿ ಹೋದ ಅರ್ಜಿಗಳ ಪಟ್ಟಿಯನ್ನು ನಾಡಕಚೇರಿಯ ಹಲಗೆಗೆ ಹಾಕಿಸಬೇಕು. ಪ್ರತಿ ಅರ್ಜಿಯ ಮುಂದೆ ಅದು ಈಗ ಯಾರ ಮೇಜಿನ ಮೇಲಿದೆ, ತಿರಸ್ಕಾರವಾಗಿದ್ದರೆ ಕಾರಣ ಏನು, ಮೇಲ್ಮನವಿ ಹಾಕುವುದಾದರೆ ಎಲ್ಲಿ, ಎಷ್ಟು ದಿನದೊಳಗೆ ಎಂದು ಬರೆಸಬೇಕು. ಮೂರು ತಿಂಗಳಿಗೊಮ್ಮೆ, ಕೆಡಿಪಿ ಸಭೆ ಮುಗಿದ ವಾರದಲ್ಲೇ ಆ ಪಟ್ಟಿ ಬದಲಾಗಬೇಕು. ಕೆಳಗೆ ಇನ್ನೂ ಹಲವರು ಸಹಿ ಹಾಕಿದ್ದಾರೆ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿದ್ದಾರೆ. ಜೆರಾಕ್ಸ್ ಅಂಗಡಿಯವನು ಇದರ ಪ್ರತಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಅವನ ಅಪ್ಪನ ಅರ್ಜಿಯೂ ಆ ಪಟ್ಟಿಯಲ್ಲಿದೆ.